ಮೊಮ್ಮಗನ ಲಾರಿ

ನಾನು ಹುಟ್ಟಿದ್ದು ಕ್ರೋಧಿ ಸಂವತ್ಸರದಲ್ಲಿ, ಎಂದರೆ 1964ರಲ್ಲಿ. ಅರವತ್ತು ಸಂವತ್ಸರಗಳ ಚಕ್ರವು ಒಂದು ಸುತ್ತು ತಿರುಗಿ, ಅದೇ ಕ್ರೋಧಿಯು 2024ರಲ್ಲಿ ಮರಳಿ ಬಂದಿತು. ನಾನೂ ಶಾಲೆಯ ಕೆಲಸದಿಂದ ನಿವೃತ್ತನಾಗಿ ಮನೆ ಸೇರಿದೆನು. ಇನ್ನು ಮೇಲೆ ಕಲಿಸುವುದೂ ಇಲ್ಲ, ಕಲಿಯುವುದೂ ಇಲ್ಲ. ಬೆಳಿಗ್ಗೆ ಎರಡು ಸರ್ಗ ಕಾವ್ಯವನ್ನೋದಿ, ಸಂಜೆ ಕಟ್ಟೆಯ ಮೇಲೆ ಕುಳಿತು ಕಾಲವನ್ನು ಕಳೆಯಬಹುದೆಂದು ಬಗೆದಿದ್ದೆನು. ಆದರೆ ಹೋದ ಬೇಸಗೆಯಲ್ಲಿ ಒಂದು ಆಟಿಗೆಯ ಲಾರಿಯು ನಮ್ಮ ಮನೆಗೆ ಬಂದು, ನಾನು ಮೂವತ್ತು ವರ್ಷಗಳಿಂದ ತೆರೆಯದೆ ಇಟ್ಟಿದ್ದ ಒಂದು ಪುಟವನ್ನು ತೆರೆಯಿಸಿತು. ಆ ಸಂಗತಿಯನ್ನು ವಾಚಕರೆದುರು ನಿವೇದಿಸಿಕೊಳ್ಳುವೆನು.

ನಮ್ಮ ಊರು ವಳಕಮದಿನ್ನಿ. ದಿನ್ನಿಯೆಂದರೆ ಎತ್ತರದ ನೆಲ. ಸಿಂಧನೂರು, ಲಿಂಗಸೂಗೂರು, ಮಸ್ಕಿ ಎಂಬ ಮೂರು ಊರುಗಳ ಸೀಮೆಯಲ್ಲಿ ಈ ಹಳ್ಳಿಯಿದೆ. ಈ ಸೀಮೆಯ ಕೀರ್ತಿಗೆ ಕಾರಣಗಳು ಬೇರೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಲಿಂಗಸೂಗೂರಿನ ಕಡೆ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ಜೋಳದ ನೆಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾರ್ಪಡಿಸಿತು. ಕಾಲುವೆಯ ಹಿಂದೆ ಟ್ರ್ಯಾಕ್ಟರು ಬಂದಿತು, ಟ್ರ್ಯಾಕ್ಟರಿನ ಹಿಂದೆ ಗ್ಯಾರೇಜು ಬಂದಿತು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ನನ್ನ ಕಥೆಯು ಕೊನೆಗೆ ಅಲ್ಲಿಗೇ ಹೋಗಿ ಮುಟ್ಟುವುದು.

ಬೆಂಗಳೂರಿನಲ್ಲಿರುವ ಮಗನು ಬೇಸಗೆಯ ರಜೆಗೆಂದು ಹತ್ತು ವರ್ಷದ ಮೊಮ್ಮಗನನ್ನು ನಮ್ಮಲ್ಲಿ ಬಿಟ್ಟುಹೋದನು. ಹುಡುಗನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಜಾಗವನ್ನು ಹಿಡಿದಿದ್ದುದು ಅವನ ಲಾರಿ. ಅದು ನಿಜವಾದ ವಾಹನದ ಹತ್ತರಲ್ಲೊಂದು ಪಾಲಿನ ಅಳತೆಯದು. ಕಲ್ಲುಗುಡ್ಡಗಳನ್ನು ಹತ್ತುವುದಕ್ಕೆಂದೇ ಮಾಡಿದ್ದು. ನಾಲ್ಕು ಗಾಲಿಗಳಿಗೂ ಮೋಟಾರಿನ ಬಲವುಂಟು. ಹುಡುಗನು ದೂರದಲ್ಲಿ ರಿಮೋಟನ್ನು ಹಿಡಿದು ನಿಂತರೆ, ಕಣ್ಣಿಗೆ ಕಾಣದ ನಿಸ್ತಂತು ತರಂಗದ ಆಜ್ಞೆಯಂತೆ ಅದು ಮುಂದಕ್ಕೂ ಹಿಂದಕ್ಕೂ ಚಲಿಸುವುದು. ಇದು ಈಗಿನ ಮಾಯೆಯೇನೂ ಅಲ್ಲ. ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲಕತ್ತೆಯಲ್ಲಿ ಇಂಥ ತರಂಗಗಳಿಂದ ದೂರದ ಗಂಟೆಯೊಂದನ್ನು ಬಾರಿಸಿ ತೋರಿಸಿದರು. ನಿಕೊಲಾ ಟೆಸ್ಲಾ ಎಂಬವನು 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ತಂತಿಯಿಲ್ಲದೆ ನಡೆಯಿಸಿದನು. ಆ ದೋಣಿಯ ವಂಶದಲ್ಲಿ ಹುಟ್ಟಿದ್ದೇ ನನ್ನ ಮೊಮ್ಮಗನ ಲಾರಿ.

ಹುಡುಗನು ಅಂಗಳದಲ್ಲಿ ಒಂದು ವ್ಯಾಪಾರವನ್ನು ಹೂಡಿದನು. ಪಡಸಾಲೆಯ ಮೂಲೆಯಲ್ಲಿ ಜೋಳವನ್ನು ಹೇರುವುದು, ತುಳಸಿಕಟ್ಟೆಯ ಬಳಿ ಇಳಿಸುವುದು, ಅಲ್ಲಿಯೇ ಹೊರಳಿ ಹಿಂದಿರುಗುವುದು. ಆದರೆ ತುಳಸಿಕಟ್ಟೆಗೂ ಪಡಸಾಲೆಯ ಕಟ್ಟೆಗೂ ನಡುವೆ ಇರುವ ಜಾಗವು 130 ಸೆಂಟಿಮೀಟರು ಮಾತ್ರ. ಲಾರಿಯು ಅಲ್ಲಿ ಹೊರಳಲು ಹೋಗಿ ಪ್ರತಿಸಲವೂ ಕಟ್ಟೆಗೆ ಮೂತಿಯನ್ನು ತಗುಲಿಸುತ್ತಿತ್ತು. ಎರಡು ಸಲ ಹಿಂದಕ್ಕೆ ಎಳೆದು, ಮೂರು ಸಲ ಮುಂದಕ್ಕೆ ನೂಕಿದ ಹೊರತು ಅದು ತಿರುಗದು.

"ತಾತ, ಇದು ತಿರುಗೋದೇ ಇಲ್ಲ. ಬಿಸಾಡಿಬಿಡೋಣ" ಎಂದು ಅವನು ಅಳುಮೋರೆಯಿಂದ ಬಂದು ನನ್ನೆದುರು ನಿಂತನು.

ಸಂಸ್ಕೃತವನ್ನು ಓದಿದವನಿಗೆ ರಥದ ಸಂಗತಿಯು ತಿಳಿಯದೆ? ಅಕ್ಷ, ನಾಭಿ, ಅರ, ನೇಮಿ, ಆಣಿ ಎಂದು ಚಕ್ರದ ಅವಯವಗಳನ್ನು ನಾನು ಬಾಯಿಪಾಠವಾಗಿ ಹೇಳಬಲ್ಲೆನು. ಭಾರತಯುದ್ಧದಲ್ಲಿ ಸಾರಥಿಗಳು ಮಂಡಲಾಕಾರವಾಗಿ ರಥವನ್ನು ನಡೆಯಿಸಿದ ವರ್ಣನೆಗಳನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಆದರೆ ಮಂಡಲವು ಚಿಕ್ಕದಾಗುವ ಬಗೆ ಹೇಗೆಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಬಂಡಿಗೆ ಈ ಕಷ್ಟವಿಲ್ಲ. ಅದಕ್ಕಿರುವುದು ಒಂದೇ ಅಚ್ಚು, ಎರಡು ಗಾಲಿ; ಎತ್ತುಗಳು ಪಕ್ಕಕ್ಕೆ ಹೊರಳಿದರೆ ಒಳಗಿನ ಗಾಲಿಯು ನಿಂತಲ್ಲಿಯೇ ನಿಂತು, ಹೊರಗಿನದು ಅದನ್ನು ಸುತ್ತಿ ಬರುವುದು. ಜಾತ್ರೆಯ ತೇರಿಗಂತೂ ತಿರುಗುವ ಗೋಜೇ ಬೇಡ. ಪಾದಗಟ್ಟೆಯವರೆಗೆ ನೇರವಾಗಿ ಹೋಗುವುದು, ನೇರವಾಗಿ ಮರಳುವುದು. ನಾಲ್ಕು ಗಾಲಿಗಳಿದ್ದು, ಇಕ್ಕಟ್ಟಿನಲ್ಲಿ ಹೊರಳಬೇಕೆಂದಾಗಲೇ ತೊಡಕು.

ನಾನು ಸೀಮೆಸುಣ್ಣವನ್ನು ಹಿಡಿದು ಫರಸಿಯ ಮೇಲೆ ಕುಳಿತೆನು. ಗಾಲಿಯನ್ನು ಪೂರ್ತಿಯಾಗಿ ಓರೆಮಾಡಿ ಲಾರಿಯನ್ನು ಒಂದು ಸುತ್ತು ಬಿಡಿಸಿ, ಹೊರಗಿನ ಗಾಲಿಯ ಜಾಡಿಗೆ ಗೆರೆಯೆಳೆದು ಅಳೆದರೆ ವೃತ್ತದ ಅಡ್ಡಳತೆಯು 210 ಸೆಂಟಿಮೀಟರು! ನನ್ನ ಮನೆಯಾಕೆಯು ಮೊರವನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿ, "ಮೂವತ್ತೈದು ವರುಷ ಧಾತುಗಳನ್ನ ತಿರುಗಿಸಿದ್ರಿ; ಈಗ ಗಾಲಿ ತಿರುಗಿಸಾಕ ಕುಂತ್ರಿ?" ಎಂದು ನಕ್ಕು ಒಳಕ್ಕೆ ಹೋದಳು.

ಮೊದಲನೆಯ ಪರಿಹಾರವು ಅನಾಯಾಸವಾಗಿ ದೊರೆಯಿತು. ಲಾರಿಯ ಜೊತೆಗೆ ಬಂದಿದ್ದ ಕೈಪಿಡಿಯನ್ನು ಯಾರೂ ಓದಿರಲಿಲ್ಲ. ಗ್ರಂಥವನ್ನು ಆದ್ಯಂತವಾಗಿ ಓದದೆ ವ್ಯಾಖ್ಯಾನಕ್ಕೆ ಕೈಯಿಡಬಾರದೆಂಬುದು ನನ್ನ ಗುರುಗಳು ಹಾಕಿಕೊಟ್ಟ ಕ್ರಮ. ಅದರಂತೆ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆನು. ರಿಮೋಟಿನ ಮೇಲೆ ಕಡಲೆಯ ಕಾಳಿನಷ್ಟು ದೊಡ್ಡದಾದ ಒಂದು ತಿರುಪು ಇದ್ದಿತು. ಹೊಸಬರು ವೇಗದಲ್ಲಿ ಗಾಲಿಯನ್ನು ತಟ್ಟನೆ ಹೊರಳಿಸಿ ಗಾಡಿಯನ್ನು ಮಗುಚದಿರಲೆಂದು, ಗಾಲಿಯ ಓರೆಯನ್ನು ಕಡಿಮೆಮಾಡುವ ಏರ್ಪಾಡು ಅದು. ಯಾರೋ ಅದನ್ನು ತಗ್ಗಿಸಿಟ್ಟಿದ್ದರು. ಪೂರ್ತಿಯಾಗಿ ಏರಿಸಿದೊಡನೆ, ಇಪ್ಪತ್ತು ಅಂಶಗಳಷ್ಟೇ ಓರೆಯಾಗುತ್ತಿದ್ದ ಗಾಲಿಯು ಮೂವತ್ತು ಅಂಶಗಳಷ್ಟು ಓರೆಯಾಯಿತು. ವೃತ್ತದ ಅಡ್ಡಳತೆಯು 150ಕ್ಕೆ ಇಳಿಯಿತು. ಹುಡುಗನು ಕುಣಿದಾಡಿದನು. ಆದರೆ ನಮ್ಮ ಅಂಗಳದ ಇಕ್ಕಟ್ಟು 130. ಇನ್ನೂ ಇಪ್ಪತ್ತು ಸೆಂಟಿಮೀಟರುಗಳನ್ನು ಎಲ್ಲಿಂದ ತರುವುದು?

ಆ ರಾತ್ರಿ ನಾನು ಲೆಕ್ಕಕ್ಕೆ ಕುಳಿತೆನು. ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ಇರುವ ಅಂತರವು 30 ಸೆಂಟಿಮೀಟರು. ಈ ಅಂತರವನ್ನು ಗಾಲಿಯ ಓರೆಕೋನದ ಜ್ಯಾದಿಂದ ಭಾಗಿಸಿದರೆ, ಮುಂದಿನ ಅಚ್ಚಿನ ನಡುಬಿಂದುವು ಸುತ್ತುವ ವೃತ್ತದ ತ್ರಿಜ್ಯವು ದೊರೆಯುವುದು. ಇಪ್ಪತ್ತು ಅಂಶಗಳಿಗೆ 88 ಸೆಂಟಿಮೀಟರು, ಮೂವತ್ತಕ್ಕೆ 60, ನಲವತ್ತಕ್ಕೆ 47. ಹೊರಗಾಲಿಯ ಜಾಡು ಇದಕ್ಕಿಂತ ತುಸು ಹೊರಗೆ ಬೀಳುವುದರಿಂದ ಅಂಗಳದ ಅಳತೆಯು ಹೆಚ್ಚಾಗುವುದು ಸಹಜ. ಅಂತೂ ಗಾಲಿಯು ನಲವತ್ತು ಅಂಶಗಳಷ್ಟು ಓರೆಯಾದರೆ ಕಾರ್ಯವು ಸಾಧಿಸಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆನು. ಜ್ಯಾ ಎಂದರೆ ಬಿಲ್ಲಿನ ಹೆದೆ. ಅಮರಸಿಂಹನು ಹೆದೆಯ ಹೆಸರುಗಳಲ್ಲಿ ಅದನ್ನು ಎಣಿಸಿದ್ದಾನೆ. ವೃತ್ತದ ತುಂಡೊಂದನ್ನು ಬಿಲ್ಲಿಗೆ ಹೋಲಿಸಿ ಅದಕ್ಕೆ ಚಾಪವೆಂದೂ, ಅದರ ತುದಿಗಳನ್ನು ಕೂಡಿಸುವ ಗೆರೆಗೆ ಜ್ಯಾ ಎಂದೂ ನಮ್ಮ ಗಣಿತಜ್ಞರು ಹೆಸರಿಟ್ಟರು. ಆರ್ಯಭಟನು ಅರ್ಧಜ್ಯಾಗಳ ಕೋಷ್ಟಕವನ್ನೇ ಕೊಟ್ಟನು. ಅದು ಅರಬರಲ್ಲಿಗೆ ಹೋಗಿ ಜೀಬಾ ಆಯಿತು. ಅದನ್ನು ಮುಂದಿನವರು ಜೈಬ್ ಎಂದು ಓದಿ, ಮಡಿಲು ಎಂಬ ಅರ್ಥವನ್ನು ಹಚ್ಚಿದರು. ಲ್ಯಾಟಿನಿಗೆ ತಂದವರು ಮಡಿಲಿಗೆ ತಮ್ಮಲ್ಲಿದ್ದ ಸೈನಸ್ ಎಂಬ ಶಬ್ದವನ್ನಿಟ್ಟರು. ಇಂದು ಶಾಲೆಯ ಮಕ್ಕಳು ಹೆದರುವ ಸೈನ್ ಎಂಬುದು ಇದೇ. ಇನ್ನು ತ್ರಿಜ್ಯವೆಂದರೇನು? ಮೂರು ರಾಶಿಗಳ, ಎಂದರೆ ತೊಂಬತ್ತು ಅಂಶಗಳ, ಜ್ಯಾ. ಈ ವ್ಯುತ್ಪತ್ತಿಗಳೆಲ್ಲ ನನಗೆ ಮೊದಲೇ ಗೊತ್ತಿದ್ದವು. ಆದರೆ ಜ್ಯಾದಿಂದ ಒಂದು ಗಾಡಿಯನ್ನು ತಿರುಗಿಸಬಹುದೆಂಬುದು ಅರವತ್ತು ದಾಟಿದ ಮೇಲೆ, ಒಂದು ಮಗುವಿನ ಅಳುವಿನ ನಿಮಿತ್ತದಿಂದ, ನನಗೆ ಹೊಳೆಯಿತು.

ಲೆಕ್ಕವು ಕೈಸೇರಿತು, ಕೈಚಳಕವು ನನ್ನಲ್ಲಿರಲಿಲ್ಲ. ಗಾಲಿಯು ಮೂವತ್ತು ಅಂಶಗಳಾಚೆ ಏಕೆ ಹೋಗುವುದಿಲ್ಲವೆಂದು ಕಂಡುಹಿಡಿಯುವುದು ಬಲ್ಲವರ ಕೆಲಸ. ಊರಿನಲ್ಲಿ ವಿಚಾರಿಸಿದರೆ ಎಲ್ಲರ ಬಾಯಲ್ಲಿಯೂ ಒಂದೇ ಉತ್ತರ: ಸಿಂಧನೂರಿನಲ್ಲಿ ಇಂಥವನ ಗ್ಯಾರೇಜಿದೆ, ಟ್ರ್ಯಾಕ್ಟರಿನ ಸ್ಟಿಯರಿಂಗಿನ ಕೆಲಸದಲ್ಲಿ ಅವನನ್ನು ಬಿಟ್ಟರಿಲ್ಲ.

ಆ ಹೆಸರನ್ನು ಕೇಳಿ ನನ್ನ ಎದೆಯು ಅಳುಕಿತು. ಅವನು ನನಗೆ ಹೊಸಬನಲ್ಲ. ಅವನ ಗ್ಯಾರೇಜು ಇರುವ ಬೀದಿಯನ್ನು ಬಿಟ್ಟು, ಎಷ್ಟೋ ವರ್ಷಗಳಿಂದ ಬೇರೆ ಬೀದಿಯಿಂದ ಸುತ್ತಿ ಹೋಗುತ್ತಿದ್ದವನು ನಾನು.

1991ರಲ್ಲಿ ನಾನು ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯನಾಗಿದ್ದೆನು. ವಯಸ್ಸು ಇಪ್ಪತ್ತೇಳು, ವಿದ್ಯೆಯ ಮದವೂ, ಹುಟ್ಟಿದ ಸಂವತ್ಸರದ ಹೆಸರಿಗೆ ತಕ್ಕ ಕೋಪವೂ ಇದ್ದವು. ಒಂಬತ್ತನೆಯ ತರಗತಿಯಲ್ಲಿ ಅಮರವನ್ನು ಬಾಯಿಪಾಠ ಮಾಡಿಸುತ್ತಿದ್ದಾಗ, ಕೊನೆಯ ಸಾಲಿನ ಹುಡುಗನೊಬ್ಬನು ತಲೆ ತಗ್ಗಿಸಿ ಏನನ್ನೋ ಗೀಚುತ್ತಿದ್ದುದು ಕಣ್ಣಿಗೆ ಬಿದ್ದಿತು. ಪುಸ್ತಕವನ್ನು ಕಸಿದು ನೋಡಿದೆನು. ಹಿಂದಿನ ಪುಟಗಳ ತುಂಬ ಗಾಲಿಗಳು! ಒಂದು ಪುಟದಲ್ಲಿ ಟ್ರ್ಯಾಕ್ಟರಿನ ನಾಲ್ಕು ಗಾಲಿಗಳನ್ನು ಮೇಲಿನಿಂದ ಕಂಡಂತೆ ಬರೆದು, ಅವುಗಳಿಂದ ಉದ್ದುದ್ದವಾಗಿ ಗೆರೆಗಳನ್ನೆಳೆದು ಒಂದು ಬಿಂದುವಿನಲ್ಲಿ ಕೂಡಿಸಿದ್ದನು. ಇದೇನೆಂದು ನಾನು ಕೇಳಲಿಲ್ಲ. ಇಡೀ ತರಗತಿಯೆದುರು ಪುಸ್ತಕವನ್ನು ಎರಡಾಗಿ ಹರಿದು, "ನಿನಗೆ ಗಾಲಿ ಉರುಳಿಸುವುದೇ ಬರೆದಿದೆ, ಹೋಗು, ಅದನ್ನೇ ಉರುಳಿಸು" ಎಂದು ಹೊರಕ್ಕೆ ಕಳುಹಿಸಿದೆನು. ಮಕ್ಕಳು ನಕ್ಕರು. ಹುಡುಗನು ಮಾರನೆಯ ದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಮುಂದೆ ಎಂದೂ ಬರಲಿಲ್ಲ. ಬಡತನದಿಂದ ಶಾಲೆಯನ್ನು ಬಿಟ್ಟಿರಬೇಕೆಂದು ನನಗೆ ನಾನೇ ಹೇಳಿಕೊಂಡೆನು. ಹಾಜರಿಯ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆಯನ್ನೆಳೆದವನೂ ನಾನೇ.

ಇಂಥವನ ಬಾಗಿಲಿಗೆ ಈಗ ಆಟಿಗೆಯನ್ನು ಹಿಡಿದುಕೊಂಡು ಹೋಗಬೇಕು! ಎರಡು ದಿನ ನೆವ ಹೇಳಿ ತಳ್ಳಿದೆನು. ಮೂರನೆಯ ದಿನ ಮೊಮ್ಮಗನು ಲಾರಿಯನ್ನು ಮಂಚದ ಕೆಳಕ್ಕೆ ದೂಡಿ, "ನಿಮಗೂ ಆಗಲ್ಲ ಬಿಡಿ ತಾತ" ಎಂದನು. ಆ ಮಾತು ನಾಟಿತು. ಅಂದೇ ಅವನ ಕೈಹಿಡಿದು ಸಿಂಧನೂರಿನ ಬಸ್ಸನ್ನು ಹತ್ತಿದೆನು.

ಗ್ಯಾರೇಜಿನ ಮುಂದೆ ಎರಡು ಟ್ರ್ಯಾಕ್ಟರುಗಳು ನಿಂತಿದ್ದವು. ತಲೆ ನರೆತ ಒಬ್ಬ ಗಟ್ಟಿಮುಟ್ಟಾದ ಮನುಷ್ಯನು ಕೈಗೆ ಹತ್ತಿದ ಗ್ರೀಸನ್ನು ಒರಸಿಕೊಳ್ಳುತ್ತ ಹೊರಕ್ಕೆ ಬಂದನು. ನಾನು ಹೆಸರು ಹೇಳುವ ಮೊದಲೇ, "ಬರ್ರಿ ಮಾಸ್ತರ್ರಿ, ಕುಂದರ್ರಿ" ಎಂದು ಸ್ಟೂಲನ್ನು ಎಳೆದನು. ಧ್ವನಿಯಲ್ಲಿ ಆದರವಿದ್ದಿತು, ಮುಖದಲ್ಲಿ ನಗೆಯಿರಲಿಲ್ಲ. ನಾನು ಬಂದ ಕಾರ್ಯವನ್ನು ಹೇಳಿದೆನು. ಟ್ರ್ಯಾಕ್ಟರುಗಳನ್ನು ಕಳಚಿ ಜೋಡಿಸುವವನು ಆಟಿಗೆಯನ್ನು ಕಂಡು ನಗಬಹುದೆಂದಿದ್ದೆನು. ಅವನು ನಗಲಿಲ್ಲ. ಲಾರಿಯನ್ನು ಎತ್ತಿ ಬೆಳಕಿಗೆ ಹಿಡಿದು, ಮುಂದಿನ ಗಾಲಿಯನ್ನು ಬೆರಳಿನಿಂದ ಎಡಕ್ಕೂ ಬಲಕ್ಕೂ ಒತ್ತಿ, ಕಿವಿಗೊಟ್ಟು ಕೇಳಿದನು.

"ಮೂರು ಕಡೆ ಅಡ್ಡ ಬರ್ತೈತ್ರಿ" ಎಂದು ಮೊಮ್ಮಗನಿಗೆ ತೋರಿಸತೊಡಗಿದನು. ಗಾಲಿಯನ್ನು ಹೊತ್ತ ಕೀಲಿನ ಒಂದು ಸಣ್ಣ ಉಬ್ಬು ಅಚ್ಚಿನ ಕೊನೆಗೆ ಬಡಿಯುತ್ತಿದ್ದುದು ಒಂದು. ಟಾಯರು ಒಳಗಿನ ಸರಳಿಗೆ ತಾಗುತ್ತಿದ್ದುದು ಎರಡು. ಗಾಲಿಯನ್ನು ಹೊರಳಿಸುವ ಸರ್ವೋ ಎಂಬ ಪುಟ್ಟ ಮೋಟಾರಿನ ತೋಳಿನಲ್ಲಿ ಸರಳನ್ನು ಒಳಗಿನ ತೂತಿಗೆ ಸಿಕ್ಕಿಸಿದ್ದುದು ಮೂರು. ಉಬ್ಬನ್ನು ಅರದಿಂದ ಎರಡು ಮಿಲಿಮೀಟರಿನಷ್ಟು ಉಜ್ಜಿದನು. ಗಾಲಿಗೂ ಅಚ್ಚಿಗೂ ನಡುವೆ ಒಂದೊಂದು ಬಿಲ್ಲೆಯನ್ನಿಟ್ಟು ಗಾಲಿಗಳನ್ನು ಹೊರಕ್ಕೆ ಸರಿಸಿದನು. ಸರಳನ್ನು ತೋಳಿನ ಹೊರಗಿನ ತೂತಿಗೆ ಬದಲಿಸಿದನು. "ತೋಳು ಉದ್ದಾದಷ್ಟು ಗಾಲಿ ಹೆಚ್ಚು ಹೊರಳ್ತೈತಿ ತಮ್ಮಾ, ಆದರ ಜೋರು ಕಮ್ಮಿ ಆಗ್ತೈತಿ. ಎರಡೂ ಒಮ್ಮೆಲೆ ಸಿಗಂಗಿಲ್ಲ" ಎಂದನು.

ಕೋನವನ್ನು ಅಳೆದರೆ ಸರಿಯಾಗಿ ನಲವತ್ತು ಅಂಶ. ಇನ್ನೂ ಹೆಚ್ಚಿಸಬಾರದೇಕೆಂದು ಹುಡುಗನು ಕೇಳಿದನು. ಮುಂದಿನ ಗಾಲಿಗಳಿಗೂ ಮೋಟಾರಿನ ಬಲವು ಒಂದು ಕೀಲಿನ ಮೂಲಕವೇ ಹೋಗಬೇಕು. ಕೀಲು ಹೆಚ್ಚು ಬಾಗಿದಷ್ಟೂ ಗಾಲಿಯು ಒಂದೇ ಸಮನಾಗಿ ಸುತ್ತದೆ, ಪ್ರತಿ ಸುತ್ತಿನಲ್ಲಿಯೂ ಎರಡೆರಡು ಸಲ ತಡವರಿಸುವುದು. ಕೊನೆಗೆ ಕೀಲು ಮುರಿಯುವುದು. ಇದಲ್ಲದೆ ಇನ್ನೊಂದು ತೊಡಕೂ ಇದ್ದಿತು. ಅವನು ಲಾರಿಯ ಒಂದು ಗಾಲಿಯನ್ನು ಕೈಯಿಂದ ಸುತ್ತಿಸಿದನು. ಅದೇ ಅಚ್ಚಿನ ಆ ಕಡೆಯ ಗಾಲಿಯೂ ಕೂಡಿಕೊಂಡೇ ಸುತ್ತಿತು.

"ಹಂತಿ ಕಟ್ಟೋದು ನೀವು ನೋಡೀರಲ್ರಿ ಮಾಸ್ತರ್ರಿ? ಕಣದಾಗ ಮೇಟಿ ಮಗ್ಗುಲ ಎತ್ತು ಸಾವಕಾಶ ಹೆಜ್ಜಿ ಹಾಕ್ತೈತಿ, ಹೊರಗಿಂದು ಓಡ್ತೈತಿ. ಎರಡೂ ಒಂದ ಸಮ ನಡೀಬೇಕಂದ್ರ ಹಂತಿ ತಿರಗತೈತೇನ್ರಿ? ಟ್ರ್ಯಾಕ್ಟರಿನಾಗ ಹಂತಿ ಎತ್ತಿನಂಗ ಬ್ಯಾರೆ ಬ್ಯಾರೆ ಸುತ್ತಾಕ ಡಿಫ್ರೆನ್ಶಿಯಲ್ ಐತಿ. ಈ ಲಾರಿಯಾಗ ಎರಡನ್ನೂ ಕೂಡಿಸಿ ಬಿಗಿದಾರ. ಗುಡ್ಡ ಹತ್ತಾಕ ಅದು ಚಲೋ. ಒಂದು ಗಾಲಿ ಗಾಳ್ಯಾಗಿದ್ರೂ ಇನ್ನೊಂದು ಜಗ್ಗತೈತಿ. ತಿರುಗಾಕ ಮಾತ್ರ ಕೆಟ್ಟದ್ದು. ಗಾಲಿ ಗಾಲಿ ಜಗಳಾಡಿ ಮೂತಿ ಹೊರಗ ನೂಕ್ತಾವ."

ಇದಕ್ಕಿಂತ ತಿಳಿಯಾದ ವ್ಯಾಖ್ಯಾನವನ್ನು ನಾನು ಕೇಳಿಲ್ಲ. ಕಣದ ಆ ಮೇಟಿಗೆ ಅಮರನು ಮೇಧಿಯೆಂಬ ಹೆಸರನ್ನು ಕೊಟ್ಟಿದ್ದಾನೆ. ಆ ಶಬ್ದವನ್ನು ಬಾಯಿಪಾಠ ಮಾಡಿಸಿದವನು ನಾನು, ಅದರ ಸುತ್ತ ಎತ್ತುಗಳು ನಡೆಯುವ ಬಗೆಯನ್ನು ಕಂಡವನು ಅವನು. ಅವನು ಮೊಮ್ಮಗನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ, ಬಲಗಾಲಿನ ಬಳಿಯ ಎರಡು ಬ್ರೇಕುಗಳನ್ನು ತೋರಿಸಿದನು: ಹೊಲದ ಕೊನೆಯಲ್ಲಿ ಹೊರಳುವಾಗ ಒಳಬದಿಯ ಗಾಲಿಯ ಬ್ರೇಕನ್ನು ಮಾತ್ರ ಒತ್ತಿದರೆ, ಅಷ್ಟು ದೊಡ್ಡ ಯಂತ್ರವೂ ಬಂಡಿಯಂತೆ ಒಂದು ಗಾಲಿಯ ಮೇಲೆ ಸುತ್ತುವುದು, ರಸ್ತೆಗೆ ಬಂದಾಗ ಮಾತ್ರ ಎರಡನ್ನೂ ಕೂಡಿಸಿ ಕೊಂಡಿ ಹಾಕಲೇಬೇಕು, ಇಲ್ಲವಾದರೆ ವೇಗದಲ್ಲಿ ಮಗುಚುವುದು.

ಬಳಿಕ, ಮುಂದಿನ ಎರಡು ಗಾಲಿಗಳು ಒಂದೇ ಸಮನಾಗಿ ಏಕೆ ಓರೆಯಾಗಬಾರದೆಂದು ತಿಳಿಸಲು ಅವನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗಿದನು. ನಾಲ್ಕು ಗಾಲಿಗಳು. ಹಿಂದಿನ ಅಚ್ಚಿನಿಂದ ಒಂದು ಉದ್ದ ಗೆರೆ. ಮುಂದಿನ ಒಂದೊಂದು ಗಾಲಿಯಿಂದಲೂ ಒಂದೊಂದು ಗೆರೆ. ಮೂರೂ ಗೆರೆಗಳು ಒಂದು ಬಿಂದುವಿನಲ್ಲಿ ಕೂಡಿದವು. "ಒಳಗಿನ ಗಾಲಿ ಸಣ್ಣ ಸುತ್ತು ಸುತ್ತತೈತಿ, ಅದು ಜಾಸ್ತಿ ಓರೆ ಆಗಬೇಕು, ಹೊರಗಿಂದು ಕಮ್ಮಿ. ಎಲ್ಲಾ ಗೆರಿ ಒಂದ ಕಡೆ ಕೂಡಿದ್ರ ಟಾಯರ್ ಸವಿಯಂಗಿಲ್ಲ."

ಅದೇ ಚಿತ್ರ. ನಾನು ಹರಿದ ಪುಟದ ಚಿತ್ರ.

ಮಾತನ್ನು ಮರೆಸುವುದಕ್ಕೋ ಏನೋ, ನಾನು ಪಾಠ ಹೇಳತೊಡಗಿದೆನು. ಈ ಉಪಾಯವನ್ನು 1817ರ ಸುಮಾರಿಗೆ ಕಂಡುಹಿಡಿದವನು ಮ್ಯೂನಿಕ್ ನಗರದಲ್ಲಿ ಕುದುರೆಸಾರೋಟುಗಳನ್ನು ಮಾಡುತ್ತಿದ್ದ ಲಾಂಕೆನ್‌ಸ್ಪರ್ಗರ್ ಎಂಬವನು. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಹಕ್ಕನ್ನು ದಾಖಲು ಮಾಡಿಸಿದವನು ಆಕರ್‌ಮನ್ ಎಂಬ ಪುಸ್ತಕದ ವ್ಯಾಪಾರಿ. ಜಗತ್ತು ಇಂದಿಗೂ ಇದನ್ನು ಆಕರ್‌ಮನ್ನನ ಹೆಸರಿನಿಂದಲೇ ಕರೆಯುವುದು. ಅದನ್ನು ಕೇಳಿ ಅವನು ಮೊದಲನೆಯ ಸಲ ನಕ್ಕನು. "ಮಾಡಿದವ ಒಬ್ಬ, ಹೆಸರು ಒಬ್ಬಂದು. ಗ್ಯಾರೇಜಿನಾಗೂ ಹಂಗ ನಡೀತೈತ್ರಿ" ಎಂದನು.

ಆ ನಗೆಯಿಂದ ನನಗೆ ಧೈರ್ಯ ಬಂದಿತು. ಮೊಮ್ಮಗನು ಟ್ರ್ಯಾಕ್ಟರಿನ ಮೇಲೆ ಆಟದಲ್ಲಿ ಮೈಮರೆತಿದ್ದನು. "ಅಪ್ಪಾ, ಈ ಚಿತ್ರವನ್ನು ನಾನು ಮೊದಲೊಮ್ಮೆ ನೋಡಿದ್ದೇನೆ. ಅಂದು ನೋಡಿಯೂ ನೋಡಲಿಲ್ಲ. ನನ್ನಿಂದ ತಪ್ಪಾಯಿತು" ಎಂದೆನು. ಉಪಾಧ್ಯಾಯನ ಬಾಯಿಗೆ ರೂಢಿಯಿಲ್ಲದ ಮಾತು, ಕಷ್ಟದಿಂದ ಹೊರಬಿದ್ದಿತು.

ಅವನು ಸೀಮೆಸುಣ್ಣದ ತುಂಡನ್ನು ಬೆರಳುಗಳಲ್ಲಿ ಹೊರಳಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದನು. "ನೆನಪೈತ್ರಿ. ಮಳಿ ಬಂದ ಮ್ಯಾಲೆ ಎರಿ ಹೊಲದಾಗ ನಮ್ಮ ಮಾವನ ಟ್ರ್ಯಾಕ್ಟರ್ ತಿರುಗಿದ ಜಾಡು ಬಿದ್ದಿತ್ತು. ಹಗ್ಗ ಹಿಡಿದು ಅಳದಿದ್ದೆ. ಎಲ್ಲಾ ಜಾಡಿಗೂ ನಡು ಒಂದ ಇತ್ತು. ಅದನ್ನ ಬರಕೊಂಡಿದ್ದೆ. ಮನ್ಯಾಗ ಬಡತನ ಇತ್ತು ಖರೆ. ಆದರ ಸಾಲಿ ಬಿಟ್ಟಿದ್ದು ಬಡತನಕ್ಕಲ್ರಿ. ಹುಡುಗರು ನಕ್ಕಿದ್ದಕ್ಕ."

ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಹೇಳಿದ್ದರೆ ಅದು ನನ್ನ ಸಮಾಧಾನಕ್ಕಾಗಿ ಆಡಿದ ಮಾತಾಗುತ್ತಿತ್ತೇ ಹೊರತು ನಿಜವಾಗುತ್ತಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ, ನಾನು ಆ ಚಿತ್ರದ ಪಕ್ಕದಲ್ಲಿಯೇ ಒಂದು ಬಿಲ್ಲನ್ನು ಬರೆದು, ಹೆದೆಯನ್ನು ಬರೆದು, ಜ್ಯಾದ ಕಥೆಯನ್ನೂ ತ್ರಿಜ್ಯದ ಅರ್ಥವನ್ನೂ ಹೇಳಿದೆನು. 30ನ್ನು ಜ್ಯಾದಿಂದ ಭಾಗಿಸಿದ ಲೆಕ್ಕವನ್ನು ತೋರಿಸಿದೆನು. ಅವನು ಕುಕ್ಕುರುಗಾಲಿನಲ್ಲಿ ಕುಳಿತು, ಒಂಬತ್ತನೆಯ ತರಗತಿಯ ಹುಡುಗನಂತೆ ಕೇಳಿದನು. ತನ್ನ ಟ್ರ್ಯಾಕ್ಟರಿನ ಅಳತೆಯನ್ನು ಹಾಕಿ ತಾನೇ ಒಮ್ಮೆ ಲೆಕ್ಕ ಮಾಡಿದನು. ಬಂದ ಉತ್ತರವು ಅವನ ಅನುಭವದ ಅಂದಾಜಿಗೆ ಹತ್ತಿರವೇ ಇದ್ದಿತು.

"ಇದನ್ನ ಅವತ್ತ ಹೇಳಿದ್ರ ನಾ ಸಾಲಿ ಬಿಡ್ತಿದ್ದಿಲ್ರಿ ಮಾಸ್ತರ್ರಿ" ಎಂದನು.

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದಲೇ ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮೂವತ್ತೈದು ವರ್ಷ ನಾನು ತರಗತಿಯ ಎಲ್ಲ ಎತ್ತುಗಳೂ ಒಂದೇ ಸಮನಾಗಿ ಹೆಜ್ಜೆಯಿಡಬೇಕೆಂದು ಹಂತಿಯನ್ನು ಹೊಡೆದವನು. ಆ ಹೊಡೆತದಲ್ಲಿ ಎಷ್ಟು ಎತ್ತುಗಳು ಕಣವನ್ನು ಬಿಟ್ಟು ಹೋದವೋ!

ಹೊರಡುವಾಗ ಹಣವೆಷ್ಟೆಂದು ಕೇಳಿದೆನು. ಬೇಡವೆನ್ನುವನೆಂದಿದ್ದೆನು, "ನೂರು ರೂಪಾಯಿ ಕೊಡ್ರಿ" ಎಂದು ನ್ಯಾಯವಾದ ಕೂಲಿಯನ್ನು ಎಣಿಸಿಕೊಂಡನು. ಬಳಿಕ, ಒಳಗೆ ಕೆಲಸ ಮಾಡುತ್ತಿದ್ದ ಇಬ್ಬರು ತರುಣರತ್ತ ಕೈತೋರಿಸಿ, "ಇವರೂ ಸ್ವಲ್ಪದರಾಗ ಸಾಲಿ ಬಿಟ್ಟವರ್ರಿ. ಕೈ ಚಲೋ ಐತಿ, ಲೆಕ್ಕ ಬರಂಗಿಲ್ಲ. ನಿಮಗ ಆಗೂದಾದ್ರ ರವಿವಾರ ಬಂದು ಇದನ್ನ ಇವರಿಗೆ ಹೇಳ್ರಿ" ಎಂದನು. ಅವನು ನನ್ನಿಂದ ಬಯಸಿದ್ದು ಅಷ್ಟೇ.

ಮನೆಗೆ ಬಂದೊಡನೆ ಮೊಮ್ಮಗನು ಲಾರಿಯನ್ನು ಫರಸಿಯ ಮೇಲಿಟ್ಟನು. ಅಡ್ಡಳತೆಯು 120 ಸೆಂಟಿಮೀಟರು. ತುಳಸಿಕಟ್ಟೆಗೂ ಪಡಸಾಲೆಯ ಕಟ್ಟೆಗೂ ನಡುವೆ, ಎರಡು ಬದಿಗೂ ನಾಲ್ಕು ನಾಲ್ಕು ಬೆರಳುಗಳಿಗಿಂತ ಹೆಚ್ಚು ಬಿಡದೆ, ಅದು ಒಂದೇ ಸಲಕ್ಕೆ ಹೊರಳಿ ಹಿಂದಿರುಗಿತು. ಮನೆಯಾಕೆಯು ಅದರ ಬೆನ್ನಿಗೆ ಒಂದು ಹಿಡಿ ಜೋಳವನ್ನು ಹೇರಿ, ಇನ್ನೊಮ್ಮೆ ತಿರುಗಿಸೆಂದು ಹುಡುಗನಿಗೆ ಹೇಳಿದಳು. ರಜೆ ಮುಗಿದು ಅವನು ಬೆಂಗಳೂರಿಗೆ ಹೋದನು, ಲಾರಿಯೂ ಹೋಯಿತು.

ಫರಸಿಯ ಮೇಲಿನ ಗೆರೆಗಳು ಮೊದಲ ಮಳೆಗೆ ತೊಳೆದುಹೋದವು. ನಾನು ಮಾತ್ರ ರವಿವಾರಗಳಂದು ಬಸ್ಸನ್ನು ಹತ್ತುತ್ತಿದ್ದೇನೆ. ಈಗ ಆ ಬೀದಿಯಿಂದಲೇ ನೇರವಾಗಿ ಹೋಗುತ್ತೇನೆ. ಹೋದ ವಾರ ಪಾಠದ ನಡುವೆ ಇಬ್ಬರಲ್ಲೊಬ್ಬನು ಪುಸ್ತಕದ ಹಿಂಬದಿಯಲ್ಲಿ ಏನನ್ನೋ ಗೀಚುತ್ತಿದ್ದನು. ನನ್ನನ್ನು ಕಂಡು ಬೆದರಿ ಮುಚ್ಚಿದನು. ತೋರಿಸೆಂದು ಕೇಳಿ, ತೆಗೆದು ನೋಡಿದೆನು. ಹಿಂದೆ ಎರಡು ಟ್ರೇಲರುಗಳನ್ನು ಕಟ್ಟಿದ ಟ್ರ್ಯಾಕ್ಟರು ಹೊರಳುವ ಚಿತ್ರ. ಗೆರೆಗಳು ಒಂದು ಬಿಂದುವಿನಲ್ಲಿ ಕೂಡಿರಲಿಲ್ಲ. ಕೂಡುವುವೋ ಇಲ್ಲವೋ ನನಗೂ ತಿಳಿಯದು. "ನಡೆ, ನಿನ್ನ ಮಾಲೀಕನನ್ನೇ ಕೇಳೋಣ" ಎಂದು ಪುಸ್ತಕವನ್ನು ಹಿಡಿದು ಎದ್ದೆನು.